ಹೊಸ್ತಿಲ ಆಚೆ ಕೂತ ಇಂಗ್ಲಿಷ್ ಸರ್

ಆ ಹೆಣ್ಣುಮಗಳನ್ನು ಹೊಸ್ತಿಲ ಹೊರಗೆ ಕೂಡಿಸಿದವನು ನಾನು. ದನಿ ಸರ್ ಅವರದಿತ್ತು, ಬಾಯಿ ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದೆ ಓದುತ್ತ ನೀವು ಸರ್ ಬಗ್ಗೆ ಕೆಟ್ಟದ್ದು ತಿಳಿಯುತ್ತೀರಿ, ನನ್ನ ಬಗ್ಗೆ ಒಳ್ಳೆಯದು ತಿಳಿಯುತ್ತೀರಿ. ಎರಡೂ ಅನ್ಯಾಯ.

ಸರ್ ದನಿಯನ್ನು ಅನುಕರಿಸಿ ತೆಗೆಯಬೇಕಾದರೆ ಮೊದಲು ಅವರ ಗಂಟಲು ನೋಡಬೇಕಿತ್ತು. ಕೊಕ್ಕರೆಯಂಥ ಕುತ್ತಿಗೆ, ಅದರ ನಡುವೆ ನಿಂಬೆಕಾಯಿಯಷ್ಟು ಗಂಟಲಗಂಟು. ಮಾತಾಡುವ ಮುಂಚೆ ಆ ಗಂಟು ಬಾವಿಯಿಂದ ಕೊಡ ಸೇದಿದ ಹಾಗೆ ಮೆಲ್ಲಗೆ ಮೇಲೆ ಬಂದು, ದವಡೆಯ ಕೆಳಗೆ ಒಂದು ಕ್ಷಣ ನಿಂತು, ದಡಕ್ಕನೆ ಇಳಿಯುತ್ತಿತ್ತು. ಇಳಿದ ಮೇಲೆ ಮಾತು. ಅರ್ಧ ಮೂಗಿನಿಂದ, ಅರ್ಧ ಬಾಯಿಂದ. ನನ್ನ ಕುತ್ತಿಗೆ ಗಿಡ್ಡ. ಆ ಗಂಟನ್ನು ಏರಿಸಿ ಇಳಿಸುವುದನ್ನು ಕನ್ನಡಿಯ ಮುಂದೆ ವಾರಗಟ್ಟಲೆ ಅಭ್ಯಾಸ ಮಾಡಿದೆ. ಅವ್ವ ಅಡುಗೆಮನೆಯಿಂದ ನೋಡಿ, "ಏನರ ಸಿಕ್ಕೊಂಡದೇನೋ ಗಂಟಲಾಗ? ನೀರ್ ಕುಡಿ, ಸಾಯಬ್ಯಾಡ" ಅಂದಳು.

ದನಿ ತೆಗೆಯುವುದು ನನಗೆ ಕೆಮ್ಮು ಬಂದ ಹಾಗೆ, ತಡೆದರೂ ಬರುತ್ತದೆ. ಜೇವರ್ಗಿ ಬಸ್ಸಿನ ಕಂಡಕ್ಟರು, ಚಪ್ಪಲಿ ಎಲ್ಲಿ ಅಂತ ಕೇಳುವ ಅಪ್ಪ, ಮದುವೆ ಊಟದಲ್ಲಿ ಹೋಳಿಗೆ ಬೇಡ ಬೇಡ ಅನ್ನುತ್ತ ಎಲೆ ಮುಂದೆ ಸರಿಸುವ ನನ್ನ ಸೋದರಮಾವ, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಸಂದರ್ಶನದಲ್ಲಿ "ಮೈಸೆಲ್ಫ್" ಅಂತ ಶುರುಮಾಡಿ, ಮುಂದೆ ಹೆಸರೇ ಮರೆತು, ಮೂವರು ಅಧಿಕಾರಿಗಳ ಎದುರು "ಮೈಸೆಲ್ಫ್, ಮೈಸೆಲ್ಫ್" ಎಂದು ಕೆಟ್ಟ ಪಂಪಿನ ಹಾಗೆ ಗೊರಗುಟ್ಟಿದವನ ದನಿ ನನ್ನ ಸಂಗ್ರಹದಲ್ಲಿ ಬಹಳ ಬೇಡಿಕೆಯದು. ಆ ಸಂದರ್ಶನದ ಮರುವಾರವೇ ನಾನು ಸರ್ ಹತ್ತಿರ ಹೋದದ್ದು.

ಸರ್ ಆಳಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ನಿವೃತ್ತರಾಗಿ, ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ತಂದೆಯ ಮನೆಗೆ ಮರಳಿದ್ದರು. ಸಂಜೆ ಪಡಸಾಲೆಯಲ್ಲಿ ಜಮಖಾನ ಹಾಸಿ ಪಾಠ. ಬರುವವರೆಲ್ಲ ಡಿಗ್ರಿ ಮುಗಿಸಿ ಸರಕಾರಿ ಪರೀಕ್ಷೆಗೆ ಓದುವವರು, ಇಂಗ್ಲಿಷ್ ಪ್ರಶ್ನೆಪತ್ರಿಕೆ ಕಂಡರೆ ಕೊನೆಗೆ ಬರೆಯೋಣ ಎಂದು ಮಗುಚಿಡುವವರು. ಸರ್ ಶಬ್ದಗಳನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲ. "ಶಬ್ದದ ತಲಿ ಮೊದ್ಲ ನೋಡ್ರಿ. ತಲಿ ಗುರ್ತು ಸಿಕ್ರ ಮೈ ಯಾರದು ಅಂತ ತಾನ ತಿಳೀತದ" ಅನ್ನುತ್ತಿದ್ದರು. ತಲೆ ಎಂದರೆ ಶಬ್ದದ ಮುಂದೆ ಅಂಟಿಕೊಂಡು ಬರುವ ಆ ಸಣ್ಣ ತುಂಡುಗಳು: ಸಬ್, ಇಂಟರ್, ಟ್ರಾನ್ಸ್, ಪ್ರಿ, ಪೋಸ್ಟ್. ಬಹಳಷ್ಟು ಲ್ಯಾಟಿನ್ ಭಾಷೆಯಿಂದ ಬಂದವು.

ಮೊದಲ ದಿನ ಅವರು ಲ್ಯಾಟಿನ್ ಸುದ್ದಿಯನ್ನೇ ಎತ್ತಲಿಲ್ಲ. ನನ್ನ ಕಡೆ ತಿರುಗಿದರು. ಗಂಟು ಏರಿತು, ಇಳಿಯಿತು.

"ನಿಮ್ಮಪ್ಪ ನಿನಗ ಏನಂತ ಬೈತಾನ?"

"ನಾಲಾಯಕ್ ಅಂತಾರ್ರಿ."

"ಲಾಯಕ್ ಅಂದ್ರ?"

"ಯೋಗ್ಯ ಅಂತರಿ."

"ಮತ್ತ ನಾ ಅಂದ್ರ?"

"ಅಲ್ಲ ಅಂತರಿ."

"ಬೇಕಾರ್, ಬೇವಕೂಫ್, ಗೈರ್‌ಹಾಜರ್. ಇವೂ ಅಂದಿರಬೇಕಲ್ಲ?"

"ಮುಂಜಾನಿ ಮುಂಜಾನಿ ಅಂತಾರ್ರಿ."

"ಫಾರಸಿ ಯಾರ್ ಕಲ್ಸಿದ್ರು ನಿನಗ? ಯಾರೂ ಇಲ್ಲ. ಬೈಸ್ಕೊಂಡ ಕಲ್ತಿ. ಲ್ಯಾಟಿನ್ನೂ ಹಂಗ. ಮಂದಿ ಹೋಗ್ಯಾರ, ತುಣುಕು ಉಳದಾವ."

ಅವತ್ತು ಮನೆಗೆ ಹೋಗಿ ಅಪ್ಪನಿಗೆ, "ನೀವು ದಿನಾ ನನಗ ಉಪಸರ್ಗ ಕಲಸಾಕತ್ತೀರಿ" ಎಂದೆ. ಅಪ್ಪ ಇನ್ನೊಂದೆರಡು ಕಲಿಸಿದರು.

ಸರ್ ಉದಾಹರಣೆಗಳೂ ಹಾಗೇ, ಕೈಗೆ ಸಿಗುವಂಥವು. ಇಂಟರ್ವಲ್ ಎಂದರೆ ಮೂಲದಲ್ಲಿ ಎರಡು ಕೋಟೆಗೋಡೆಗಳ ನಡುವಿನ ಜಾಗ. ನಾವು ಸಿನಿಮಾದಲ್ಲಿ ಸಮೋಸ ತಿನ್ನಲು ಎದ್ದು ಹೋಗುವುದು ಆ ಗೋಡೆಗಳ ನಡುವಿಗೆ. ಕಂಪನಿಯ ತಲೆಗೆ 'ಜೊತೆ' ಎಂದು ಅರ್ಥ, ಉಳಿದದ್ದಕ್ಕೆ 'ರೊಟ್ಟಿ'. ಒಂದೇ ರೊಟ್ಟಿ ಹಂಚಿಕೊಂಡು ತಿನ್ನುವವರು ಕಂಪನಿ. ಸಸ್ಪೆಂಡ್ ಎಂದರೆ ಕೆಳಕ್ಕೆ ಜೋತುಬಿಡುವುದು.

ಅತನೂರಿನಿಂದ ಬರುತ್ತಿದ್ದ ದಪ್ಪನೆಯ ಗೆಳೆಯ ಕೈ ಎತ್ತಿದ. "ಹಂಗಾದ್ರ ನಮ್ಮ ಕಾಕಾ ಈಗ ಜೋತಾಡಾಕತ್ತಾನೇನ್ರಿ?"

"ಹೌದು. ಅರ್ಧ ಪಗಾರಿನ ಮ್ಯಾಲ ಜೋತಾಡಾಕತ್ತಾನ."

ಆದರೆ ಒಂದು ಎಚ್ಚರಿಕೆಯನ್ನೂ ಕೊಡುತ್ತಿದ್ದರು. ಇಂಜೆಕ್ಷನ್ನಿನ 'ಇನ್' ಒಳಗೆ ಹೋಗುವುದು. ಇನ್‌ಕರೆಕ್ಟ್‌ನ 'ಇನ್' ಅಲ್ಲ ಎನ್ನುವುದು. ಎರಡಕ್ಕೂ ಸಂಬಂಧವಿಲ್ಲ. "ಊರಾಗ ಒಂದ ಹೆಸರಿನ ಇಬ್ಬರು ಇರೂದಿಲ್ಲೇನು? ಬರೇ ಹೆಸರ ಹಿಡದು ಕರೀಬ್ಯಾಡ್ರಿ, ಮನಿ ನೋಡಿ ಮಾತಾಡಸ್ರಿ."

ಇಷ್ಟಕ್ಕೇ ನಿಂತಿದ್ದರೆ ಅವರು ಒಬ್ಬ ಒಳ್ಳೆಯ ಮಾಸ್ತರು, ಅಷ್ಟೇ. ಅವರ ಖಯಾಲಿ ಬೇರೆಯೇ ಇತ್ತು. ಸೋಮವಾರ ಬಂತೆಂದರೆ ಒಬ್ಬೊಬ್ಬರಿಗೆ ಒಂದೊಂದು ತುಣುಕು ಹಂಚುತ್ತಿದ್ದರು, ಇಡೀ ವಾರ ನಾವು ಅದರಂತೆ ಬಾಳಬೇಕು. 'ಪ್ರಿ' ಸಿಕ್ಕವನು ಎಲ್ಲರಿಗಿಂತ ಮುಂಚೆ ಬಂದು ಕಸ ಹೊಡೆದು ಜಮಖಾನ ಹಾಸಬೇಕು. 'ಪೋಸ್ಟ್' ಎಲ್ಲರೂ ಹೋದ ಮೇಲೆ ಅದನ್ನು ಮಡಚಿಟ್ಟು ಹೋಗಬೇಕು. 'ಟ್ರಾನ್ಸ್' ರಸ್ತೆ ದಾಟಿ ಚಹಾ ತರಬೇಕು. 'ಇಂಟರ್' ಇಬ್ಬರು ದಪ್ಪನೆಯವರ ನಡುವೆ ಕೂಡಬೇಕು. 'ಸಬ್' ಮೇಜಿನ ಕೆಳಗೆ, 'ಸೂಪರ್' ಮೂಲೆಯ ದೊಡ್ಡ ಸಂದೂಕದ ಮೇಲೆ. 'ಕಾಂಟ್ರಾ' ಸಿಕ್ಕವನು ಸರ್ ಹೇಳಿದ್ದಕ್ಕೆಲ್ಲ ಎದುರು ಮಾತಾಡಬೇಕು. ಅದು ಸಿಕ್ಕ ವಾರ ಅತನೂರಿನ ಗೆಳೆಯ ಮನೆಯಲ್ಲೂ ಅದನ್ನೇ ಮುಂದುವರಿಸಿ ಊಟ ಕಳೆದುಕೊಂಡ. ನನಗೆ ಮಾತ್ರ ಬಹಳ ಸಲ 'ರಿ' ಬರುತ್ತಿತ್ತು. ಮತ್ತೆ ಹೇಳುವುದು, ವಾಪಸು ಕೊಡುವುದು. "ನೀ ಹುಟ್ಟಿದ್ದ ಅದಕ್ಕ" ಅನ್ನುತ್ತಿದ್ದರು.

ಒಂದನ್ನು ಯಾರಿಗೂ ಕೊಡುತ್ತಿರಲಿಲ್ಲ. 'ಎಕ್ಸ್', ಹೊರಗೆ. ಅದು ಅವರದೇ. ಶಹಾಬಾದಿ ಕಲ್ಲಿನ ಹೊಸ್ತಿಲ ಆಚೆ, ನಮ್ಮ ಚಪ್ಪಲಿಗಳ ಪಕ್ಕದಲ್ಲಿ, ಗೋಣಿತಟ್ಟು ಹಾಕಿಕೊಂಡು ಕೂತು ಒಳಗಿದ್ದ ನಮಗೆ ಪಾಠ ಹೇಳುತ್ತಿದ್ದರು. ಮಾಸ್ತರು ಹೊರಗೆ, ಮಕ್ಕಳು ಒಳಗೆ. ಒಮ್ಮೆ ಯಾರೋ ಅದನ್ನೂ ಕೇಳಿದಾಗ ಹೇಳಿದರು: "ಹೊರಗ ಬಂದಾವ ನಾನು, ರಿಟೈರಾಗಿ. ನೀವು ಒಳಗ ಹೋಗೋ ಮಂದಿ. ನಿಮ್ಮನ್ನ ಯಾಕ ಹೊರಗ ಕೂಡ್ಸಲಿ?" ಆಮೇಲೆ ಹೊಸ್ತಿಲನ್ನು ತಟ್ಟಿ, ನಾವು ಬರೆಯಬೇಕಿದ್ದ ಪ್ರಿಲಿಮಿನರಿ ಪರೀಕ್ಷೆಯ ಹೆಸರು ಬಿಡಿಸಿದರು. ಅದರೊಳಗಿನ 'ಲಿಮೆನ್' ಎಂದರೆ ಲ್ಯಾಟಿನ್ನಿನಲ್ಲಿ ಹೊಸ್ತಿಲೇ. ಹೊಸ್ತಿಲಿಗೆ ಮುಂಚಿನದು ಪ್ರಿಲಿಮಿನರಿ. ಹೊಸ್ತಿಲಾಚೆ ಹಾಕುವುದು ಎಲಿಮಿನೇಟ್. "ಎರಡಕ್ಕೂ ಕಲ್ಲು ಒಂದ" ಎಂದರು.

ಆ ಹೊತ್ತಿಗೇ ವೈನಿ ಬಂದದ್ದು. ಅತ್ತಿಗೆಗೆ ನಮ್ಮಲ್ಲಿ ವೈನಿ ಅನ್ನುತ್ತೇವೆ. ಮದುವೆಯಾಗಿ ಬಂದ ಹೆಣ್ಣುಮಗಳೆಂದು ನಾವೆಲ್ಲ ಹಾಗೇ ಕರೆದೆವು. ಇಡೀ ತಂಡದಲ್ಲಿ ಆಕೆಯೊಬ್ಬಳೇ ಹೆಂಗಸು. ಕರೆದುಕೊಂಡು ಬಂದವರು ಆಕೆಯ ಮಾವ. ಅವರದು ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿ, ಊರೆಲ್ಲ ಸಾಹುಕಾರರು ಅನ್ನುತ್ತದೆ. ಬಿಳಿ ಧೋತರ, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ. ಸೊಸೆಯನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಂದು ಸರ್‌ಗೆ ಕೈಮುಗಿದರು.

"ಬಿ.ಎ. ಪಾಸ್ ಆಗ್ಯಾಳ್ರಿ. ನಮ್ಮ ಮನಿತನದಾಗ ಈಕಿನ ಮೊದಲನೇದಾಕಿ. ಹಿಂದಿನ ಸಲ ಇಂಗ್ಲಿಷಿನಾಗ ಮಾರ್ಕ್ಸ್ ಕಡಮಿ ಬಿದ್ದಾವ. ಇದ ಕಡೀ ಸಲ, ವಯಸ್ಸು ಮುಗೀತದ. ನೀವು ಒಂದೀಟು ನೋಡ್ರಿ."

"ನೋಡೂಣ್ರಿ" ಎಂದರು ಸರ್. ಮೊದಲ ವಾರವೇ ಆಕೆಗೆ ಸಂದೂಕ ಸಿಕ್ಕಿತು. ನಾನು ತಿಂಗಳುಗಟ್ಟಲೆ ಆಸೆಪಟ್ಟ ಜಾಗ. ಆಕೆ ತಲೆಯ ಸೆರಗು ಸರಿಮಾಡಿಕೊಂಡು ಅದರ ಮೇಲೆ ಕೂತು, ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಹೇಳತೊಡಗಿದಳು. ಹೊಟ್ಟೆಕಿಚ್ಚಿಗೆ ಲ್ಯಾಟಿನ್ನಿನಲ್ಲಿ ಏನನ್ನುತ್ತಾರೋ ತಿಳಿಯದು, ನನಗೆ ಅದಾಯಿತು.

ಮುಂದಿನ ಸೋಮವಾರ ಸರ್ ಸೊನ್ನದ ಕಡೆ ಯಾರದೋ ಮದುವೆ ಮಾತಿಗೆ ಹೋಗಿದ್ದರು, ಬಸ್ಸು ತಡವಾಗಿತ್ತು. ನಾನು ಒಳಮನೆಯ ಪರದೆಯ ಹಿಂದೆ ನಿಂತು ಅವರ ದನಿಯಲ್ಲಿ ವಾರದ ಹಂಚಿಕೆ ಶುರುಮಾಡಿದೆ. ಹುಡುಗರಿಗೆ ಗೊತ್ತು, ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದರು. ಅಷ್ಟರಲ್ಲಿ ವೈನಿ ಬಂದಳು. ಆಕೆಗೆ ಗೊತ್ತಿರಲಿಲ್ಲ. ಪರದೆಯ ಹಿಂದಿನಿಂದ ನಾನು ಹೇಳಿದೆ: "ಈ ವಾರ ನಿಮಗ ಎಕ್ಸ್. ಹೊರಗ ಕೂಡ್ರಿ."

ಆಕೆ ಒಂದು ಮಾತೂ ಆಡದೆ ಹೊಸ್ತಿಲು ದಾಟಿ, ಸರ್ ಅವರ ಗೋಣಿತಟ್ಟಿನ ಮೇಲೆ ಕೂತು, ಪುಸ್ತಕ ಬಿಚ್ಚಿದಳು. ಎರಡು ನಿಮಿಷಕ್ಕೆ ಹೊರಬಂದು "ನಾನ್ರಿ ವೈನಿ" ಅನ್ನುವ ಇರಾದೆ ಇತ್ತು. ಆದರೆ ಮಿಮಿಕ್ರಿಯವನಿಗೆ ನಗುವ ಮಂದಿ ಸಿಕ್ಕರೆ ಹೆಂಡ ಸಿಕ್ಕ ಹಾಗೆ. ಪಾಠವನ್ನೇ ಶುರುಮಾಡಿಬಿಟ್ಟೆ. ಆಕೆ ಹೊರಗೆ ಚಪ್ಪಲಿಗಳ ನಡುವೆ ಕೂತು ನನ್ನ ಅರ್ಧಂಬರ್ಧ ಲ್ಯಾಟಿನ್ನನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಸಾಹುಕಾರರ ಬೈಕು ಬಂದು ನಿಂತಿತು.

"ಇಲ್ಲಿ ಯಾಕ್ ಕುಂತೀಯವ್ವಾ?"

"ಸರ್ ಹೇಳ್ಯಾರ್ರಿ ಮಾವಾರ."

"ನಿನಗೊಬ್ಬಾಕಿಗೇ?"

"ಹೌದ್ರಿ."

ಅವರು ಚಪ್ಪಲಿಗಳನ್ನು ನೋಡಿದರು, ಒಳಗೆ ನಗುತ್ತಿದ್ದ ಗಂಡಸರನ್ನು ನೋಡಿದರು, ಸೊಸೆಯನ್ನು ನೋಡಿದರು. ತಿಂಗಳಿಗೆ ಮೂರು ದಿನ ಹೆಂಗಸರನ್ನು ಹೊರಗೆ ಕೂಡಿಸುವ ಪದ್ಧತಿ ನಮ್ಮ ಕಡೆ ಕೆಲವು ಮನೆಗಳಲ್ಲಿ ಇನ್ನೂ ಇದೆ. ಲಿಂಗ ಕಟ್ಟಿದವರಿಗೆ ಆ ಸೂತಕ ಇಲ್ಲ, ಇರಬಾರದು. ಸಾಹುಕಾರರು ಅದನ್ನು ಬರೀ ಬಾಯಲ್ಲಿ ಹೇಳುವವರಲ್ಲ. ಅವರ ಮನೆಯಲ್ಲಿ ಆ ದಿನಗಳಲ್ಲೂ ಸೊಸೆ ಒಲೆಯ ಮುಂದೆಯೂ ಕೂಡುತ್ತಾಳೆ, ಪೂಜೆಯ ಮಣೆಯ ಮೇಲೂ ಕೂಡುತ್ತಾಳೆ. ಸರ್ ಲಿಂಗಾಯತರಲ್ಲ. ಇಷ್ಟು ಸಾಕಾಯಿತು. ಮಾಸ್ತರು ತಮ್ಮ ಮನೆಯ ಮಡಿಯನ್ನು ತಮ್ಮ ಸೊಸೆಯ ಮೇಲೆ ಹೇರಿದ್ದಾರೆ, ಅದೂ ಗಂಡಸರ ಎದುರು, ಎಂದು ಅವರು ತೀರ್ಮಾನಿಸಿದರು.

"ಮಾಸ್ತರ್ರ, ಹೊರಗ ಬರ್ರಿ!"

ಹೆದರಿದವನಿಗೆ ದನಿ ಬದಲಿಸಲು ಆಗುವುದಿಲ್ಲ ಎಂದು ನನಗೆ ಅವತ್ತು ತಿಳಿಯಿತು. ಪರದೆಯ ಹಿಂದಿನಿಂದ ಸರ್ ದನಿಯಲ್ಲೇ "ಏನ್ರಿ?" ಎಂದುಬಿಟ್ಟೆ.

"ಏನ್ರಿ ಅಂತೀರಿ? ಲಿಂಗ ಕಟ್ಟಿದ ಮಂದಿ ನಾವು. ನಮ್ಮ ಮನ್ಯಾಗ ಹೊರಗ ಕೂಡ್ಸೂದು ಇಲ್ಲ. ನಮ್ಮ ಸೊಸಿನ್ನ ಚಪ್ಪಲಿ ಬಾಜೂಕ ಕೂಡ್ಸಾಕ ನೀವ್ಯಾರು? ಪಡದೇ ಹಿಂದ ನಿಂತು ಕೇಳ್ತೀರಿ, ಮಾರಿ ತೋರಸ್ರಿ!"

ಮಾರಿ ತೋರಿಸಲು ನನ್ನ ಹತ್ತಿರ ಸರ್ ಮುಖ ಇರಲಿಲ್ಲ. ಒಳಗೆ ಟವೆಲ್ ತುರುಕಿಕೊಂಡಿದ್ದವರು ಈಗ ಬೇರೆ ಕಾರಣಕ್ಕೆ ತುರುಕಿಕೊಂಡರು. ಬೈಕು ಹೋಯಿತು, ವೈನಿಯನ್ನು ಕರೆದುಕೊಂಡು.

ಸರ್ ಬಂದ ಮೇಲೆ ನನ್ನ ಸ್ವಂತ ದನಿಯಲ್ಲಿ ಎಲ್ಲ ಹೇಳಿದೆ. ಆ ದನಿ ಬಳಕೆ ಕಡಿಮೆಯಾಗಿ ತುಕ್ಕು ಹಿಡಿದಿತ್ತು. ಅವರ ಗಂಟಲಗಂಟು ಏರಿತು, ಇಳಿಯಿತು. ಮತ್ತೆ ಏರಿತು.

"ನನ್ನ ದನಿ ತಗೊಂಡಿ, ಇರ್ಲಿ. ನನ್ನ ಜಾಗಾ ಯಾಕ ಕೊಟ್ಟಿ?"

ಬೈದಿದ್ದರೆ ಅದನ್ನೂ ಅನುಕರಿಸಿ ಹಗುರಾಗಬಹುದಿತ್ತು. ಬೈಯಲಿಲ್ಲ.

ವೈನಿ ಮರುದಿನ ಬರಲಿಲ್ಲ, ಆ ವಾರ ಪೂರ್ತಿ ಬರಲಿಲ್ಲ. ಸರ್ ಅಡತಿ ಅಂಗಡಿಗೆ ಹೋದರೆ ಸಾಹುಕಾರರು ಚೀಲಗಳ ಕಡೆ ಮುಖ ತಿರುಗಿಸಿದರು. ಪರೀಕ್ಷೆ ಮುಂದಿನ ತಿಂಗಳಿತ್ತು. ಕೊನೆಗೆ ಒಂದು ಸಂಜೆ, ಪಾಠದ ಹೊತ್ತಿಗೇ ಸರಿಯಾಗಿ, ಸರ್ ನನ್ನನ್ನು ಕರೆದುಕೊಂಡು ಅವರ ಮನೆಗೆ ನಡೆದರು.

ಸಿಟ್ಟು ಏನೇ ಇರಲಿ, ಬಾಗಿಲಿಗೆ ಬಂದವರನ್ನು ಒಳಗೆ ಕರೆಯದಿರುವ ಮನೆಯಲ್ಲ ಅದು. "ಬರ್ರಿ ಒಳಗ" ಎಂದರು ಸಾಹುಕಾರರು, ನೆಲ ನೋಡುತ್ತ. ಸರ್ ಚಪ್ಪಲಿ ಬಿಟ್ಟು, ಅವುಗಳ ಪಕ್ಕದಲ್ಲೇ, ಹೊರಗಿನ ಮೆಟ್ಟಿಲ ಮೇಲೆ ಕೂತರು.

"ಇದೇನ್ರೀ ಮಾಸ್ತರ್ರ? ಓಣಿ ಮಂದಿ ನೋಡ್ತಾರ. ಒಳಗ ಬರ್ರಿ."

"ಇಲ್ಲೇ ಛಲೋ ಅದರಿ. ದಿನಾ ಇಂಥಲ್ಲೇ ಕೂಡ್ತೇನಿ."

"ನಮ್ಮ ಮನಿಗೆ ಬಂದಾವ್ರು ಹೊರಗ ಕುಂತಿಲ್ರಿ ಇನ್ನಾತನಕ."

"ನನ್ನ ಮನ್ಯಾಗೂ ನನ್ನ ಬಿಟ್ಟು ಯಾರೂ ಕುಂತಿಲ್ರಿ. ಆವತ್ತೊಂದಿನ ತಪ್ಪಿ ನಿಮ್ಮ ಸೊಸಿಗೆ ಹೋಗೇದ. ಅದನ್ನ ಹೇಳಾಕ ಬಂದೇನಿ."

ಹೊರಗೆ ಎಂಬುದು ತಮ್ಮ ಪಾಠದಲ್ಲಿ ಒಂದು ತುಣುಕು, ಅದು ತಮ್ಮದು, ಅದಕ್ಕೂ ಮೈಲಿಗೆಗೂ ಸಂಬಂಧವಿಲ್ಲ ಎಂದು ನಿಧಾನವಾಗಿ ವಿವರಿಸಿದರು. ಸಾಹುಕಾರರು ನಂಬಲಿಲ್ಲ. "ನಿಮ್ಮ ದನಿ ನಾ ಕಿವಿಯಾರೆ ಕೇಳೇನ್ರಿ" ಎಂದರು. ಆಗ ಸರ್ ನನ್ನ ಕಡೆ ನೋಡಿದರು. ನಾನು ಗಂಟಲು ಏರಿಸಿ, ಇಳಿಸಿ, "ಏನ್ರಿ?" ಎಂದೆ.

ಸಾಹುಕಾರರು ಸರ್ ಬಾಯಿ ನೋಡಿದರು, ನನ್ನ ಬಾಯಿ ನೋಡಿದರು. ನಗಲಿಲ್ಲ. ನನ್ನ ಕಲಾಜೀವನದಲ್ಲಿ ಅಷ್ಟು ಕೆಟ್ಟ ಪ್ರದರ್ಶನ ಇನ್ನೊಂದಿಲ್ಲ.

"ನನ್ನ ದನೀನೂ ತಗೀತೀಯೇನೋ ತಮ್ಮಾ?"

"ಛೇ, ಇಲ್ರೀ ಸಾವ್ಕಾರ್ರ" ಎಂದೆ. ಅವರ ದನಿಯನ್ನು ಮೊದಲ ದಿನವೇ ತೆಗೆದಿದ್ದೆ.

ಅವರು ಸರ್ ಕಡೆ ತಿರುಗಿ ಹೇಳಿದರು: "ತಪ್ಪು ಯಾರದರ ಇರ್ಲಿ ಮಾಸ್ತರ್ರ. ನಿಮ್ಮದಲ್ಲ ಅಂತ ತಿಳೀತು, ಅದಕ್ಕ ಕೈ ಮುಗೀತೇನಿ. ಆದ್ರ ಚಪ್ಪಲ್ಯಾಗ ಕುಂತಾಕಿ ನಮ್ಮ ಸೊಸಿ, ನೋಡಿದವರು ನೋಡ್ಯಾರ. ಮತ್ತ ಕಳಸೂದಿಲ್ಲ. ಮನ್ಯಾಗ ಕುಂತು ಓದ್ಲಿ. ಇಲ್ಲಿ ಆಕಿಗೆ ಖುರ್ಚಿ ಅದ, ಫ್ಯಾನ್ ಅದ, ಮರ್ಯಾದಿ ಅದ. ಆಕಿ ಮಾನ ಕಾಯೂದು ನನ್ನ ಕೆಲಸ."

ಸರ್ ಗಂಟಲಗಂಟು ಏರಿ ಅಲ್ಲೇ ನಿಂತಿತು. ಒಳ್ಳೆಯ ಮನಸ್ಸಿನಿಂದ ಹಾಕಿದ ಅಗುಳಿ ಅದು. ಕೆಟ್ಟವನೊಡನೆ ವಾದ ಮಾಡಬಹುದು, ಇಂಥವರೊಡನೆ ಹೇಗೆ?

ಉಳಿದದ್ದು ಒಂದೇ ಮಾತು. ಅದನ್ನು ಹೇಳಿಬಿಟ್ಟರೆ ಈ ಕಥೆ ಮುಗಿಯುತ್ತದೆ, ಆಮೇಲೆ ನಾನು ಬಾಯಿ ತೆರೆದರೆ ಕೆಡುತ್ತದೆ. ಆದ್ದರಿಂದ ಮಿಕ್ಕ ವಿಷಯ ಮೊದಲು.

ನಾನೀಗ ಜೇವರ್ಗಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಎರಡನೇ ಸಂದರ್ಶನದಲ್ಲಿ ಹೆಸರು ನೆನಪಾಯಿತು. ವೈನಿ ಆಳಂದದ ಕಚೇರಿಯೊಂದರಲ್ಲಿ ನನಗಿಂತ ಎರಡು ಮೆಟ್ಟಿಲು ಮೇಲಿದ್ದಾಳೆ. ಕಂಡಾಗ ನಾನು ಎದ್ದು ನಿಲ್ಲಬೇಕು, ನಿಲ್ಲುತ್ತೇನೆ. ಸರ್ ಹೋದ ಚಳಿಗಾಲ ತೀರಿಕೊಂಡರು. ಕಲಬುರಗಿಯ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವರ ದನಿ ಇಳಿದುಹೋಗಿತ್ತು. ಕೈಸನ್ನೆ ಮಾಡಿ ಹತ್ತಿರ ಕರೆದು, "ನನ್ನ ದನಿ ಮಾಡು ಜರಾ" ಎಂದರು. ಮಾಡಿದೆ. ಕಣ್ಣು ಮುಚ್ಚಿ ಕೇಳಿದರು.

"ಇಷ್ಟು ಮೂಗಿನಾಗ ಮಾತಾಡ್ತಿದ್ನೇನಲೇ? ಹುಡುಗ್ರು ಹೆಂಗ ತಡಕೊಂಡ್ರು ಅಷ್ಟು ವರ್ಷ?"

ಮರುದಿನ ಡಿಸ್ಚಾರ್ಜ್ ಎಂದು ನರ್ಸ್ ಹೇಳಿ ಹೋದಳು. ಸರ್ ನನ್ನ ಕಡೆ ಬೆರಳು ತೋರಿಸಿದರು, ಪ್ರಶ್ನೆ ಎಂಬಂತೆ. ನಾನು ಹೇಳಿದೆ: ಡಿಸ್ ಅಂದರೆ ಬಿಡಿಸಿ ಬೇರೆ ಮಾಡುವುದು; ಡಿಸ್ಚಾರ್ಜ್ ಅಂದರೆ ಮೂಲದಲ್ಲಿ ಬಂಡಿಯಿಂದ ಹೇರು ಇಳಿಸುವುದು. "ಬರೋಬ್ಬರಿ ಹೇಳ್ದಿ" ಎಂದರು. ಮನೆಗೆ ಬಂದ ಮೇಲೆ ಬಹಳ ದಿನ ಉಳಿಯಲಿಲ್ಲ. ಅಂತ್ಯಕ್ರಿಯೆಗೆ ಬಂದವರಲ್ಲಿ ಸಾಹುಕಾರರೂ ಇದ್ದರು. ಅಲ್ಲಿ ಯಾರೋ ನನಗೆ "ಒಮ್ಮೆ ಸರ್ ದನಿ ತಗಿಯಲೇ" ಎಂದು ಪಿಸುಗುಟ್ಟಿದರು. ನಾನು ತೆಗೆಯಲಿಲ್ಲ. ಭಕ್ತಿಯಿಂದಲ್ಲ, ಗಂಟಲು ಏರಲಿಲ್ಲ.

ಈಗ ಆ ಮಾತು. ಸರ್ ಅದನ್ನು ಮುಂದೆ ಪ್ರತಿ ತಂಡಕ್ಕೂ ಹೇಳುತ್ತಿದ್ದರು. ತಾವು ಅಷ್ಟು ವರ್ಷ ಕಲಿಸಿದ್ದರಲ್ಲಿ ಇಷ್ಟು ಚೊಕ್ಕ ಉತ್ತರ ಯಾರ ಬಾಯಿಂದಲೂ ಬಂದಿಲ್ಲ ಎನ್ನುತ್ತಿದ್ದರು. ಸಾಹುಕಾರರು ಮಾನದ ಮಾತು ಆಡಿ ಮುಗಿಸಿದಾಗ ವೈನಿ ಚಹಾ ತಂದಳು. ಮಾವನಿಗೆ ಒಂದು ಕಪ್ಪು ಕೊಟ್ಟಳು, ಹೊರಗೆ ಬಂದು ಮೆಟ್ಟಿಲ ಮೇಲಿದ್ದ ಸರ್‌ಗೆ ಒಂದು ಕೊಟ್ಟಳು, ನನಗೆ ಕೊಡಲಿಲ್ಲ. ಬಾಗಿಲಲ್ಲಿ ನಿಂತು, ದನಿ ಏರಿಸದೆ, ಒಳಗಿನ ಖುರ್ಚಿ ನೋಡುತ್ತ ಹೇಳಿದಳು. ಸಾಹುಕಾರರು ಕಪ್ಪನ್ನು ಬಾಯಿಗಿಡದೆ ಹಾಗೇ ಹಿಡಿದುಕೊಂಡು ಕೂತರು, ಮರುದಿನ ಸಂಜೆ ತಾವೇ ಬೈಕಿನಲ್ಲಿ ಕರೆತಂದು ಬಿಟ್ಟರು. ಆಕೆ ಹೇಳಿದ್ದು ಇಷ್ಟೇ:

"ಮಾವಾರ, ಅಲ್ಲಿ ಚಪ್ಪಲ್ಯಾಗ ಕುಂತ್ರೂ ಪಾಠ ಕೇಳಸ್ತಿತ್ರಿ. ಇಲ್ಲಿ ಖುರ್ಚಿ ಮ್ಯಾಲ ಕುಂತ್ರ ಕೇಳಸವಲ್ದು."